ಮಾಸ್ಕ್ ಒಳಗಿನ ನಗು ಎದುರಿನವರಿಗೆ ತಲುಪುವುದು ಹೇಗೆ?

ಪ್ರಶ್ನೆ: ನಾನು ಪ್ರಯೋಗಾಲಯವೊಂದರಲ್ಲಿ ರಕ್ತದ ಮಾದರಿ ತೆಗೆಯುವ ಕೆಲಸ ಮಾಡುತ್ತೇನೆ. ದಿನಕ್ಕೆ ಎಂಟು ಗಂಟೆ ಮಾಸ್ಕ್ ಹಾಕಿಕೊಂಡೇ ಇರಬೇಕು. ಬಂದವರನ್ನೆಲ್ಲ ನಗುತ್ತಲೇ ಮಾತನಾಡಿಸುತ್ತೇನೆ. ಆದರೂ ‘ಒಳಗಿರುವ ಮೇಡಂ ಯಾಕೆ ಅಷ್ಟು ಸಿಡುಕು?’ ಎಂದು ಕೆಲವರು ಕೌಂಟರಿನಲ್ಲಿ ಕೇಳಿದ್ದಾರಂತೆ. ಮಕ್ಕಳಂತೂ ನನ್ನನ್ನು ಕಂಡ ಕೂಡಲೇ ಅಳಲು ಶುರುಮಾಡುತ್ತಾರೆ. ‘ಕಣ್ಣಿನಲ್ಲೇ ನಗಬೇಕು’ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಕನ್ನಡಿಯ ಮುಂದೆ ಹಾಗೆ ಮಾಡಿ ನೋಡಿದರೆ, ಯಾರನ್ನೋ ಗುಮಾನಿಯಿಂದ ದಿಟ್ಟಿಸುವವಳಂತೆ ಕಾಣುತ್ತೇನೆ. ನಗುವ ಬಾಯಿಯ ಚಿತ್ರ ಅಚ್ಚಾಗಿರುವ ಮಾಸ್ಕ್ ಸಿಗುತ್ತದೆ, ಅದನ್ನು ಹಾಕಿಕೊಂಡರೆ ಹೇಗೆ? ದಯವಿಟ್ಟು ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ 2020ರ ಒಂದು ಮಧ್ಯಾಹ್ನ ನೆನಪಾಯಿತು. ನಾನು ವಾಕ್ ಮತ್ತು ಶ್ರವಣ ಚಿಕಿತ್ಸಕಿ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡಿದ್ದ ಹಿರಿಯರೊಬ್ಬರಿಗೆ ಆಗ ಚಿಕಿತ್ಸೆ ಕೊಡುತ್ತಿದ್ದೆ. ಒಂದೊಂದು ಪದವನ್ನೂ ಅವರು ಆಳದ ಬಾವಿಯಿಂದ ನೀರು ಸೇದಿದ ಹಾಗೆ ಎಳೆದು ತರುತ್ತಿದ್ದರು. ಪದ ಸರಿಯಾಗಿ ಬಂದಾಗಲೆಲ್ಲ ನಾನು ಮನಸಾರೆ ನಗುತ್ತಿದ್ದೆ, ಮಾಸ್ಕ್ ಒಳಗೆ. ಮೂರನೆಯ ದಿನ ಅವರು ಬಾಯಿ ಬಿಡಲೇ ಇಲ್ಲ. ಹೊರಗೆ ಬಂದ ಮೇಲೆ ಅವರ ಮಗಳು ಅಳುಕುತ್ತಲೇ ಕೇಳಿದರು: ‘ಮೇಡಂ, ನಿಮಗೆ ನನ್ನ ಮೇಲೆ ಬೇಸರವೇ ಎಂದು ಅಪ್ಪ ಸನ್ನೆ ಮಾಡಿ ಕೇಳುತ್ತಿದ್ದಾರೆ.’ ಎರಡು ದಿನ ನಾನು ತೋರಿಸಿದ್ದೆನೆಂದುಕೊಂಡಿದ್ದ ಮೆಚ್ಚುಗೆಯಲ್ಲಿ ಒಂದು ಚೂರೂ ಅವರನ್ನು ಮುಟ್ಟಿರಲಿಲ್ಲ. ಅಂದಿನಿಂದ ಈ ವಿಷಯವನ್ನು ನಾನು ನನ್ನ ಕಸುಬಿನ ಭಾಗವೆಂದೇ ಹಚ್ಚಿಕೊಂಡಿದ್ದೇನೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ನಿಮ್ಮ ಮುಖ ಸಿಡುಕಿನದಲ್ಲ. ಮಾಸ್ಕ್ ಹಾಕಿದ ಮುಖ ಎದುರಿನವರಿಗೆ ಸಿಟ್ಟಾಗಿ ಕಾಣುವುದಕ್ಕಿಂತ ಹೆಚ್ಚಾಗಿ ಖಾಲಿಯಾಗಿ ಕಾಣುತ್ತದೆ. ಜರ್ಮನಿಯ ಬ್ಯಾಂಬರ್ಗ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕ್ಲಾಸ್-ಕ್ರಿಶ್ಚಿಯನ್ ಕಾರ್ಬನ್ 2020ರಲ್ಲಿ ಒಂದೇ ಮುಖವನ್ನು ಮಾಸ್ಕ್ ಇಲ್ಲದೆಯೂ ಮಾಸ್ಕ್ ಸಹಿತವೂ ಜನರಿಗೆ ತೋರಿಸಿ, ಯಾವ ಭಾವ ಎಂದು ಕೇಳಿದರು. ಮಾಸ್ಕ್ ಬಂದ ಕೂಡಲೇ ಸಂತೋಷ, ದುಃಖ, ಕೋಪ ಮೂರನ್ನೂ ಜನ ಅನೇಕ ಬಾರಿ ‘ಏನೂ ಭಾವವಿಲ್ಲ’ ಎಂದು ಓದಿದರು. ಅಸಹ್ಯವನ್ನು ಕೋಪವೆಂದು ತಿಳಿದರು. ಹೆದರಿಕೆ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು, ಏಕೆಂದರೆ ಅದರ ಬಹುಪಾಲು ಕಣ್ಣಿನಲ್ಲೇ ಇರುತ್ತದೆ.

ಖಾಲಿ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಎದುರಿಗಿರುವವರು ತಮ್ಮಲ್ಲಿ ಆಗ ಏನಿದೆಯೋ ಅದನ್ನೇ ಅಲ್ಲಿ ತುಂಬುತ್ತಾರೆ. ನಿಮ್ಮ ಬಳಿ ಬರುವವರು ಸೂಜಿಯ ಭಯದಲ್ಲಿ, ವರದಿಯಲ್ಲಿ ಏನು ಬಂದೀತೋ ಎಂಬ ಆತಂಕದಲ್ಲಿ ಬರುತ್ತಾರೆ. ಅವರ ಭಯ ನಿಮ್ಮ ಮುಖದಲ್ಲಿ ಸಿಡುಕಾಗಿ ಕಾಣುತ್ತದೆ. ಹಾಂಗ್‌ಕಾಂಗ್‌ನ ಸಾಮಾನ್ಯ ಚಿಕಿತ್ಸಾಲಯಗಳಲ್ಲಿ 1,030 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೂ ಇಂಥದ್ದನ್ನೇ ಹೇಳಿತು. ಮಾಸ್ಕ್ ಹಾಕಿದ ವೈದ್ಯರಿಗೆ ತಮ್ಮ ಮೇಲೆ ಅನುಕಂಪ ಕಡಿಮೆ ಎಂದು ರೋಗಿಗಳಿಗೆ ಅನ್ನಿಸಿತ್ತು. ಹಳೆಯ ಪರಿಚಯದಿಂದ ಬರುವ ಸಲುಗೆಯ ಲಾಭವೂ ಕುಗ್ಗಿತ್ತು. ಹಾಗಾಗಿ ಒಳ್ಳೆಯ ಮನಸ್ಸಿದ್ದರೆ ಸಾಕು, ತಾನಾಗಿಯೇ ತಿಳಿಯುತ್ತದೆ ಎಂದು ಕೂರುವಂತಿಲ್ಲ. ಆ ಖಾಲಿ ಜಾಗವನ್ನು ಅವರ ಭಯ ತುಂಬುವ ಮೊದಲೇ ನೀವು ಬೇರೆ ದಾರಿಯಿಂದ ತುಂಬಬೇಕು. ಅದಕ್ಕೆ ಸಿಗುವ ಸಮಯ ತೀರಾ ಕಡಿಮೆ, ಅವರು ಬಾಗಿಲಿನಿಂದ ಕುರ್ಚಿಯವರೆಗೆ ಬರುವಷ್ಟು ಹೊತ್ತು.

ಈಗ ‘ಕಣ್ಣಿನಲ್ಲೇ ನಗಬೇಕು’ ಎಂಬ ಸಲಹೆಗೆ ಬರುತ್ತೇನೆ. ಅದು ತಪ್ಪಲ್ಲ, ಆದರೆ ಹೇಳುವ ರೀತಿಯಿಂದ ದಾರಿ ತಪ್ಪಿಸುತ್ತದೆ. ಫ್ರಾನ್ಸಿನ ನರವೈದ್ಯ ಡುಶೆನ್ ಮುಖದ ಸ್ನಾಯುಗಳಿಗೆ ಸಣ್ಣ ವಿದ್ಯುತ್ ಪ್ರವಾಹ ಹಾಯಿಸಿ, ಯಾವ ಸ್ನಾಯು ಯಾವ ಭಾವ ಮೂಡಿಸುತ್ತದೆ ಎಂಬುದನ್ನು 1862ರಲ್ಲಿ ಪ್ರಕಟಿಸಿದ. ಮನಸಾರೆ ನಕ್ಕಾಗ ಎರಡು ಸ್ನಾಯುಗಳು ಒಟ್ಟಿಗೆ ಕೆಲಸ ಮಾಡುತ್ತವೆ ಎಂದು ಅವನು ತೋರಿಸಿದ. ಒಂದು, ಕೆನ್ನೆಯ ಮೂಳೆಯಿಂದ ಹೊರಟು ತುಟಿಯ ಕೊನೆಯನ್ನು ಮೇಲಕ್ಕೆಳೆಯುವುದು. ಇನ್ನೊಂದು, ಕಣ್ಣಿನ ಸುತ್ತ ಬಳೆಯಂತಿದ್ದು ಕೆನ್ನೆಯನ್ನು ಎತ್ತುವುದು. ಈ ಎರಡನೆಯದು ಮನಸ್ಸಿನ ಮಾತನ್ನಲ್ಲದೆ ಬೇರೆ ಯಾರ ಮಾತನ್ನೂ ಕೇಳುವುದಿಲ್ಲ ಎಂದು ಬಹುಕಾಲ ನಂಬಲಾಗಿತ್ತು. ಬೇಕೆಂದೇ ಅದನ್ನು ಆಡಿಸಬಲ್ಲವರು ಸಾಕಷ್ಟು ಮಂದಿ ಇದ್ದಾರೆ ಎಂದು ಈಚಿನ ಸಂಶೋಧನೆಗಳು ತೋರಿಸಿವೆ. ಅಂದರೆ ಇದು ಅಭ್ಯಾಸದಿಂದ ಬರುವ ವಿದ್ಯೆ.

ನೀವು ಎಡವಿದ್ದು ಎಲ್ಲಿ ಎಂದರೆ, ಕಣ್ಣನ್ನು ಮಾತ್ರ ಹಿಡಿದು ನಗಿಸಲು ಹೊರಟಿರಿ. ಆಗ ರೆಪ್ಪೆ ಬಿಗಿಯುತ್ತದೆ, ಹುಬ್ಬು ಕೆಳಗಿಳಿಯುತ್ತದೆ, ಗುಮಾನಿಯ ನೋಟ ಬರುತ್ತದೆ. ನಗು ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ಮಾಸ್ಕ್ ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲಿ. ಮೊದಲು, ಪರಿಚಯವಿಲ್ಲದವರಿಗೆ ಮರ್ಯಾದೆಗೆ ನಗುವಷ್ಟು ನಗಿ. ಮಾಸ್ಕಿನ ಮೇಲೆ ಏನೂ ಬದಲಾಗುವುದಿಲ್ಲ, ನೋಡಿ. ಈಗ, ಬಹಳ ದಿನಗಳ ಮೇಲೆ ಆಪ್ತ ಗೆಳತಿ ಬಾಗಿಲಲ್ಲಿ ನಿಂತಿದ್ದಾಳೆಂದುಕೊಂಡು ಹಲ್ಲು ಕಾಣುವಷ್ಟು ನಗಿ. ಮಾಸ್ಕಿನ ಮೇಲಂಚು ಕೆನ್ನೆಯ ಮೇಲೆ ಒಂದಿಷ್ಟು ಮೇಲೆ ಸರಿದದ್ದು ಚರ್ಮಕ್ಕೆ ತಿಳಿಯುತ್ತದೆ. ಕೆಳ ರೆಪ್ಪೆ ತುಸು ಉಬ್ಬುತ್ತದೆ, ಕಣ್ಣಿನ ಹೊರಕೊನೆಯಲ್ಲಿ ಸಣ್ಣ ಗೆರೆ ಮೂಡುತ್ತದೆ, ಹುಬ್ಬು ಮಾತ್ರ ಇದ್ದಲ್ಲೇ ಸಡಿಲವಾಗಿರುತ್ತದೆ. ಆ ಅಂಚು ಸರಿದ ಅನುಭವವನ್ನು ಗುರುತಿಟ್ಟುಕೊಳ್ಳಿ. ಕೆಲಸದಲ್ಲಿ ಕನ್ನಡಿ ಇರುವುದಿಲ್ಲ, ಅದೇ ನಿಮ್ಮ ಕನ್ನಡಿ. ಅಂಚು ಸರಿಯಲಿಲ್ಲವೆಂದರೆ ನಿಮ್ಮ ನಗು ಹೊರಗೆ ಬರಲಿಲ್ಲ.

ಇನ್ನೊಂದು ತಪ್ಪನ್ನೂ ಜನ ಮಾಡುತ್ತಾರೆ, ಸ್ನೇಹ ತೋರಿಸಲು ಕಣ್ಣು ಅಗಲಿಸುವುದು. ಕಪ್ಪುಗುಡ್ಡೆಯ ಮೇಲೆ ಬಿಳಿ ಕಾಣುವಷ್ಟು ಕಣ್ಣರಳಿಸಿದರೆ ಅದು ಗಾಬರಿಯ ಮುಖ. ಸೂಜಿ ಹಿಡಿದವರ ಮುಖದಲ್ಲಿ ಯಾರೂ ಅದನ್ನು ನೋಡಲು ಬಯಸುವುದಿಲ್ಲ.

ಹುಬ್ಬಿನ ಬಗ್ಗೆ ಸ್ವಲ್ಪ ನಿಂತು ಮಾತನಾಡಬೇಕು. ನಿಮ್ಮ ತೊಂದರೆಯ ಬೇರು ಬಹುಶಃ ಅಲ್ಲೇ ಇದೆ. ಪಾಲ್ ಎಕ್ಮನ್ ಮತ್ತು ವ್ಯಾಲೇಸ್ ಫ್ರೀಸನ್ 1978ರಲ್ಲಿ ಮುಖದ ಪ್ರತಿಯೊಂದು ಚಲನೆಗೂ ಒಂದೊಂದು ಸಂಖ್ಯೆ ಕೊಟ್ಟು ಪಟ್ಟಿ ಮಾಡಿದರು. ಅದರಲ್ಲಿ ಹುಬ್ಬು ತಗ್ಗಿಸಿ ಒಂದಕ್ಕೊಂದು ಹತ್ತಿರ ತರುವ ಚಲನೆ ನಾಲ್ಕನೆಯದು. ಇದು ಕೋಪದಲ್ಲಿ ಬರುತ್ತದೆ. ಗಮನವಿಟ್ಟು ಏನನ್ನಾದರೂ ನೋಡುವಾಗಲೂ ಬರುತ್ತದೆ. ಬಾಯಿ ಕಾಣುತ್ತಿದ್ದಾಗ ಈ ಎರಡನ್ನೂ ಬೇರ್ಪಡಿಸುವುದು ಸುಲಭ. ಕೋಪದಲ್ಲಿ ತುಟಿ ಬಿಗಿಯುತ್ತದೆ, ಗಮನದಲ್ಲಿ ತುಟಿ ಸಡಿಲವಾಗಿರುತ್ತದೆ. ಮಾಸ್ಕ್ ಆ ಸುಳಿವನ್ನು ನುಂಗಿಹಾಕುತ್ತದೆ. ನೀವು ತೋಳಿಗೆ ಪಟ್ಟಿ ಬಿಗಿದು, ಬೆರಳಿನಿಂದ ಒತ್ತಿ ಒತ್ತಿ ರಕ್ತನಾಳ ಹುಡುಕುತ್ತೀರಲ್ಲ, ಆ ಅರ್ಧ ನಿಮಿಷ ನಿಮ್ಮ ಹುಬ್ಬು ಖಂಡಿತ ಗಂಟಿಕ್ಕಿರುತ್ತದೆ. ರೋಗಿ ತನ್ನ ತೋಳನ್ನು ನೋಡುವುದಿಲ್ಲ, ಹೆದರಿಕೆಯಿಂದ ನಿಮ್ಮ ಮುಖವನ್ನೇ ನೋಡುತ್ತಾನೆ. ಅವನಿಗೆ ಕಾಣುವುದು ಸಿಟ್ಟಾದ ಹಣೆ.

ಕೆಲಸದ ನಡುವೆ ಹುಬ್ಬು ಸಡಿಲಿಸಿಕೊಳ್ಳಿ ಎಂದು ಹೇಳುವುದು ಸುಲಭ, ಮಾಡುವುದು ಕಷ್ಟ. ಗಮನ ಕೆಟ್ಟರೆ ಇನ್ನೂ ಅಪಾಯ. ಆದ್ದರಿಂದ ಹುಬ್ಬು ಗಂಟಿಕ್ಕಲಿ, ಅದರ ಕಾರಣವನ್ನು ಮೊದಲೇ ಹೇಳಿಬಿಡಿ. ‘ಈಗ ಒಳ್ಳೆಯ ನರ ಹುಡುಕುತ್ತೇನೆ, ಸ್ವಲ್ಪ ಹೊತ್ತು ಮಾತನಾಡುವುದಿಲ್ಲ, ಗಾಬರಿಯಾಗಬೇಡಿ’ ಎಂದರೆ ಸಾಕು. ಅದು ರಕ್ತನಾಳ, ನರವಲ್ಲ ಎಂಬುದು ನಿಮಗೂ ನನಗೂ ಗೊತ್ತು. ಆದರೆ ಬರುವವರೆಲ್ಲ ನರ ಎಂದೇ ಕರೆಯುತ್ತಾರೆ, ಅವರ ಪದವನ್ನೇ ಬಳಸಿ. ಸಿಕ್ಕ ಕೂಡಲೇ ತಲೆಯೆತ್ತಿ ‘ಸಿಕ್ಕಿತು’ ಎನ್ನಿ. ಆ ಒಂದು ಮಾತಿಗೆ ಭುಜ ಹೇಗೆ ಇಳಿಯುತ್ತದೆ ಎಂಬುದನ್ನು ನೀವೇ ಗಮನಿಸಿ.

ತಲೆಯೆತ್ತಿ ಎಂದು ಬೇಕೆಂದೇ ಬರೆದೆ. ಜಪಾನಿನ ನೋಹ್ ನಾಟಕದಲ್ಲಿ ನಟರು ಮರದ ಮುಖವಾಡ ಧರಿಸುತ್ತಾರೆ. ಅದರ ಒಂದು ಗೆರೆಯೂ ಅಲ್ಲಾಡುವುದಿಲ್ಲ. ಆದರೂ ಅದರಲ್ಲಿ ಭಾವ ಬದಲಾಗುತ್ತದೆ. ಮುಖವಾಡವನ್ನು ತುಸು ಮೇಲಕ್ಕೆ ವಾಲಿಸಿದರೆ ಬೆಳಕು ಬಿದ್ದು ಮುಖ ಅರಳುತ್ತದೆ, ಅದಕ್ಕೆ ಅವರು ‘ತೆರಾಸು’ ಎನ್ನುತ್ತಾರೆ, ಬೆಳಗಿಸುವುದು ಎಂದರ್ಥ. ತುಸು ಕೆಳಗೆ ಬಾಗಿಸಿದರೆ ನೆರಳು ಕವಿಯುತ್ತದೆ, ಅದು ‘ಕುಮೊರಾಸು’, ಮೋಡ ಕವಿಸುವುದು. ನಿಮ್ಮ ಕೆಲಸವೇ ತಲೆ ಬಗ್ಗಿಸುವ ಕೆಲಸ. ಚೀಟಿ ಓದಲು, ನಳಿಕೆಗೆ ಹೆಸರು ಬರೆಯಲು, ತೋಳು ನೋಡಲು, ಎಲ್ಲಕ್ಕೂ ತಲೆ ತಗ್ಗಿರುತ್ತದೆ. ಮೇಲಿನ ದೀಪದ ಬೆಳಕಿಗೆ ಕಣ್ಣುಗಳ ಮೇಲೆ ಹುಬ್ಬಿನ ನೆರಳು ಬೀಳುತ್ತದೆ. ದಿನವಿಡೀ ನೀವು ಕುಮೊರಾಸು ಸ್ಥಿತಿಯಲ್ಲೇ ಇರುತ್ತೀರಿ. ತಲೆ ತಗ್ಗಿಸಿಕೊಂಡೇ ‘ಹೆಸರೇನು?’ ಎಂದು ಕೇಳುವುದಕ್ಕೂ, ಮುಖವೆತ್ತಿ ಬೆಳಕಿಗೆ ಹಿಡಿದು ಕೇಳುವುದಕ್ಕೂ ಇರುವ ಅಂತರ ದೊಡ್ಡದು. ಚೀಟಿಯಲ್ಲಿ ಹೆಸರು ಓದುವುದೇ ಆದರೆ ಮೊದಲು ಓದಿಕೊಳ್ಳಿ, ಆಮೇಲೆ ತಲೆಯೆತ್ತಿ, ಆಮೇಲೆ ಕರೆಯಿರಿ.

ಇದೇ ಸಂದರ್ಭದಲ್ಲಿ ನಿಮ್ಮ ಟೊಪ್ಪಿಯನ್ನೂ ನೋಡಿಕೊಳ್ಳಿ. ಕೂದಲು ಮುಚ್ಚುವ ಟೊಪ್ಪಿಯನ್ನು ಎಷ್ಟೋ ಜನ ಹುಬ್ಬಿನವರೆಗೂ ಎಳೆದುಕೊಂಡಿರುತ್ತಾರೆ. ಬಾಯಿ ಹೋಯಿತು, ಈಗ ಹುಬ್ಬೂ ಹೋದರೆ ಉಳಿಯುವುದೇನು? ಎರಡು ಬೆರಳು ಮೇಲಕ್ಕೆ ಸರಿಸಿ, ಹಣೆ ಕಾಣಲಿ. ಮಾಸ್ಕ್ ದೊಡ್ಡದಾಗಿ ಕೆಳ ರೆಪ್ಪೆಗೆ ತಾಗುತ್ತಿದ್ದರೆ ಅಳತೆ ಬದಲಿಸಿ. ಮೂಗಿನ ಮೇಲಿನ ತಂತಿಯನ್ನು ಬೆರಳಿನಿಂದ ಒತ್ತಿ ಕೂರಿಸಿದರೆ ಉಸಿರು ಮೇಲಕ್ಕೆ ನುಗ್ಗುವುದು ಕಡಿಮೆಯಾಗುತ್ತದೆ. ಹಾಗೆ ನುಗ್ಗುವ ಉಸಿರಿನಿಂದ ಕನ್ನಡಕ ಮಂಜಾಗುತ್ತದೆ, ಕಣ್ಣು ಒಣಗಿ ಉರಿಯುತ್ತದೆ. ಉರಿಯುವ ಕಣ್ಣನ್ನು ಕಿರಿದು ಮಾಡಿಕೊಂಡವರು ಸಿಡುಕರಂತೆಯೇ ಕಾಣುತ್ತಾರೆ. ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ನಗು ತೋರಿಸಲು ಮಾಸ್ಕನ್ನು ಗಲ್ಲಕ್ಕೆ ಇಳಿಸಬೇಡಿ. ಸೋಂಕು ತಡೆಯಲೆಂದು ಹಾಕಿದ್ದನ್ನು ಸ್ನೇಹಕ್ಕಾಗಿ ತೆಗೆದರೆ ಅದು ಸ್ನೇಹವಲ್ಲ.

ಹುಬ್ಬಿನಿಂದ ಒಳ್ಳೆಯ ಕೆಲಸವೂ ಆಗುತ್ತದೆ. ಪರಿಚಿತರನ್ನು ದೂರದಿಂದ ಕಂಡಾಗ ನಮಗೆ ತಿಳಿಯದೆಯೇ ಹುಬ್ಬು ಒಮ್ಮೆ ಚಕ್ಕನೆ ಮೇಲೇರಿ ಇಳಿಯುತ್ತದೆ. ಆಸ್ಟ್ರಿಯಾ ಮೂಲದ ಸಂಶೋಧಕ ಐಬ್ಲ್-ಐಬೆಸ್‌ಫೆಲ್ಟ್ ಹಲವು ಖಂಡಗಳ ಜನರನ್ನು ಅವರಿಗೆ ಅರಿವಾಗದಂತೆ ಚಿತ್ರೀಕರಿಸಿ ಇದನ್ನು ದಾಖಲಿಸಿದರು. ಸುಮಾರು ಸೆಕೆಂಡಿನ ಆರನೆಯ ಒಂದು ಭಾಗದಷ್ಟು ಹೊತ್ತು ಅದು ನಡೆಯುತ್ತದೆ. ‘ನಿಮ್ಮನ್ನು ಕಂಡೆ, ಬನ್ನಿ’ ಎಂಬುದು ಅದರ ಅರ್ಥ. ಎಲ್ಲ ಕಡೆಯೂ ಇದು ಒಂದೇ ರೀತಿ ಸಲ್ಲುವುದಿಲ್ಲ, ಜಪಾನಿನಲ್ಲಿ ದೊಡ್ಡವರ ನಡುವೆ ಇದನ್ನು ಅಷ್ಟಾಗಿ ಒಪ್ಪುವುದಿಲ್ಲ ಎಂದು ಅವರೇ ಬರೆದಿದ್ದಾರೆ. ಆದರೆ ಹೆಚ್ಚಿನ ಜಾಗಗಳಲ್ಲಿ ಇದು ಕೆಲಸ ಮಾಡುತ್ತದೆ. ಮಾಸ್ಕ್ ಹಾಕಿದಾಗ ಇದನ್ನೇ ತುಸು ನಿಧಾನವಾಗಿ, ತುಸು ದೊಡ್ಡದಾಗಿ ಮಾಡಿ, ಜೊತೆಗೆ ತಲೆಯನ್ನು ಒಮ್ಮೆ ಬಾಗಿಸಿ. ಕಣ್ಣು ಕೂಡಿಸುವುದನ್ನು ಮಾತ್ರ ಎಳೆಯಬೇಡಿ. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಬಂದವರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜನರಿಗೆ ಹಿತವೆನಿಸಿದ ನೋಟ ಸರಾಸರಿ 3.3 ಸೆಕೆಂಡಿನದು. ಮಾಸ್ಕ್ ಮೇಲಿನ ಕಣ್ಣು ಅದಕ್ಕಿಂತ ಹೆಚ್ಚು ನೆಟ್ಟರೆ ದುರುಗುಟ್ಟಿದಂತಾಗುತ್ತದೆ. ನೋಡಿ, ನಕ್ಕು, ನೋಟ ಬಿಡಿಸಿ, ಮತ್ತೆ ನೋಡಿ.

ಇಷ್ಟೆಲ್ಲ ಹೇಳಿದರೂ, ಕಣ್ಣು ಮತ್ತು ಹುಬ್ಬಿನಿಂದ ಅರ್ಧ ಕೆಲಸವೂ ಆಗುವುದಿಲ್ಲ ಎಂಬುದು ನನ್ನ ಅನುಭವ. ಉಳಿದದ್ದನ್ನೆಲ್ಲ ದನಿ ಮಾಡಬೇಕು. ಇದನ್ನು ನನಗೆ ಕಲಿಸಿದವರು ಪುಸ್ತಕ ಬರೆದವರಲ್ಲ, ಹುಟ್ಟಿನಿಂದ ಮುಖವೇ ಆಡದ ಒಬ್ಬ ತರುಣಿ. ಮೋಬಿಯಸ್ ಸಿಂಡ್ರೋಮ್ ಎಂಬ ಅಪರೂಪದ ಸ್ಥಿತಿಯಲ್ಲಿ ಮುಖವನ್ನು ಆಡಿಸುವ ನರ ಸರಿಯಾಗಿ ಬೆಳೆದಿರುವುದಿಲ್ಲ. ನಗಲು, ಹುಬ್ಬೇರಿಸಲು ಬರುವುದಿಲ್ಲ, ಕಣ್ಣುಗಳೂ ಅಕ್ಕಪಕ್ಕ ಹೊರಳುವುದಿಲ್ಲ. ಆಕೆ ಕೋಣೆಯೊಳಗೆ ಬಂದರೆ ಮಾತ್ರ ಕೋಣೆಯೇ ಹಗುರಾಗುತ್ತಿತ್ತು. ದನಿ ಏರಿಳಿಯುತ್ತಿತ್ತು, ನಕ್ಕರೆ ಭುಜಗಳೆರಡೂ ಕುಣಿಯುತ್ತಿದ್ದವು, ನನ್ನ ಮಾತು ಹಿಡಿಸಿದರೆ ಅಂಗೈಯಿಂದ ಮೇಜನ್ನು ಮೆಲ್ಲನೆ ತಟ್ಟುತ್ತಿದ್ದರು. ಅವರ ಮುಖ ಆಡುವುದಿಲ್ಲ ಎಂಬುದು ಐದು ನಿಮಿಷದಲ್ಲಿ ನನಗೆ ಮರೆತೇ ಹೋಗಿತ್ತು. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕ್ಯಾಥ್ಲೀನ್ ಬೋಗಾರ್ಟ್ ಅವರಿಗೆ ಸ್ವತಃ ಮೋಬಿಯಸ್ ಇದೆ. ಇಂಥವರು ದನಿ, ಮಾತು, ಮೈಯ ಚಲನೆಗಳಿಂದ ಮುಖದ ಕೊರತೆ ತುಂಬುವ ಬಗೆಯನ್ನು ಅವರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಹುಟ್ಟಿನಿಂದಲೇ ಈ ಸ್ಥಿತಿ ಇರುವವರು ಬದುಕಿನ ನಡುವೆ ಮುಖದ ಚಲನೆ ಕಳೆದುಕೊಂಡವರಿಗಿಂತ ಇದರಲ್ಲಿ ಪಳಗಿರುತ್ತಾರೆ ಎಂದು ಅವರು ಕಂಡುಕೊಂಡರು. ಮಾಸ್ಕ್ ಹಾಕಿದ ನಾವೆಲ್ಲ ಆ ಎರಡನೆಯ ಗುಂಪಿನವರು. ಮುಖದ ಮೇಲೆಯೇ ಭಾರ ಹಾಕಿ ಬದುಕಿದವರು, ಈಗ ಕಲಿಯಬೇಕಾಗಿದೆ.

ದನಿಯಲ್ಲಿ ನಗು ಕೇಳಿಸುತ್ತದೆ. 1980ರಲ್ಲಿ ವಿವಿಯನ್ ಟಾರ್ಟರ್ ಎಂಬ ಸಂಶೋಧಕಿ, ನಗುತ್ತ ಆಡಿದ ಮಾತನ್ನೂ ನಗದೆ ಆಡಿದ ಮಾತನ್ನೂ ಜನರಿಗೆ ಕೇಳಿಸಿದರು. ಮುಖ ನೋಡದೆಯೇ ಕೇಳುಗರು ನಗುವನ್ನು ಗುರುತಿಸಿದರು. ತುಟಿ ಅಗಲವಾದಾಗ ದನಿ ಹಾದು ಬರುವ ಕೊಳವೆ ಗಿಡ್ಡವಾಗುತ್ತದೆ, ಆದ್ದರಿಂದ ಸ್ವರದ ಬಣ್ಣ ತಿಳಿಯಾಗುತ್ತದೆ. ಹಾಗಾಗಿ ‘ಕಾಣದ ನಗು ಯಾಕೆ’ ಎಂದು ಮಾಸ್ಕ್ ಒಳಗೆ ನಗುವುದನ್ನು ಬಿಡಬೇಡಿ. ಕಾಣದಿದ್ದರೂ ಅದು ಕೇಳಿಸುತ್ತದೆ. ಮುಖ ಮತ್ತು ದನಿಯ ಬಗ್ಗೆ ಮಾತು ಬಂದಾಗಲೆಲ್ಲ ‘ಸಂವಹನದಲ್ಲಿ ಶಬ್ದಗಳ ಪಾಲು ಶೇಕಡ 7 ಮಾತ್ರ’ ಎಂಬ ಅಂಕಿಯನ್ನು ತರಬೇತುದಾರರು ಹೇಳುವುದುಂಟು. ಅದನ್ನು ನಂಬಬೇಡಿ. 1967ರಲ್ಲಿ ಆಲ್ಬರ್ಟ್ ಮೆಹ್ರೇಬಿಯನ್ ಬಿಡಿ ಬಿಡಿ ಪದಗಳನ್ನಿಟ್ಟುಕೊಂಡು ಇಷ್ಟ-ಅನಿಷ್ಟದ ಭಾವನೆಗಳ ಬಗ್ಗೆ ಮಾಡಿದ ಪ್ರಯೋಗಗಳಿಂದ ಬಂದ ಅಂಕಿ ಅದು, ಎಲ್ಲ ಮಾತಿಗೂ ಅದನ್ನು ಅಂಟಿಸಲಾಗದು. ಮಾಸ್ಕ್ ಹಾಕಿದಾಗ ಶಬ್ದಗಳೇ ನಿಮ್ಮ ದೊಡ್ಡ ಆಸರೆ.

ಆ ಶಬ್ದಗಳು ಮಾಸ್ಕ್ ದಾಟುವಾಗ ಏನಾಗುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಬಟ್ಟೆ, ಕಾಗದದ ಪದರಗಳು ದನಿಯ ಎತ್ತರದ ಕಂಪನಗಳನ್ನು ಹೀರುತ್ತವೆ. ಸಾಧಾರಣ ವೈದ್ಯಕೀಯ ಮಾಸ್ಕಿನಲ್ಲಿ ಈ ನಷ್ಟ ಸುಮಾರು 3ರಿಂದ 4 ಡೆಸಿಬಲ್, ಎನ್-95ರಲ್ಲಿ ಅದಕ್ಕಿಂತ ಹೆಚ್ಚು. ಸ, ಶ, ಚ ಮುಂತಾದವುಗಳ ಹರಿತವೆಲ್ಲ ಆ ಎತ್ತರದ ಕಂಪನಗಳಲ್ಲೇ ಇರುತ್ತದೆ, ಅದು ಮೊಂಡಾಗುತ್ತದೆ. ಜೊತೆಗೆ ತುಟಿಯ ಸುಳಿವೂ ಇಲ್ಲ. ಕಿವಿ ಚುರುಕಾಗಿರುವವರೂ ತಿಳಿಯದೆ ತುಟಿ ಓದುತ್ತಾರೆ. 1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ‘ಗ’ ಎನ್ನುವ ತುಟಿಯ ಚಿತ್ರಕ್ಕೆ ‘ಬ’ ಎನ್ನುವ ದನಿ ಕೂಡಿಸಿದಾಗ ಕೇಳುಗರಿಗೆ ‘ದ’ ಎಂದು ಕೇಳಿಸಿತು. ನೀವೇ ಪರೀಕ್ಷಿಸಬಹುದು. ಗೆಳತಿಯೊಬ್ಬರಿಗೆ ಮಾಸ್ಕ್ ಹಾಕಿಕೊಂಡು, ಫ್ಯಾನಿನ ಸದ್ದಿನಲ್ಲಿ, ‘ಮರ’ ಮತ್ತು ‘ನರ’ ಎಂದು ಬೇರೆ ಬೇರೆಯಾಗಿ ಹೇಳಿ. ತುಟಿ ಮುಚ್ಚುವುದು ಕಂಡರೆ ಮ, ಕಾಣದಿದ್ದರೆ ನ. ಮಾಸ್ಕ್ ಇದ್ದಾಗ ಅವರು ಎಷ್ಟು ಸಲ ತಪ್ಪುತ್ತಾರೆ ನೋಡಿ.

ಕನ್ನಡ ಮಾತನಾಡುವವರಿಗೆ ಇನ್ನೊಂದು ತೊಡಕಿದೆ, ಇದನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ನಮ್ಮ ವಾಕ್ಯದ ತಿರುಳು ಕೊನೆಯಲ್ಲಿರುತ್ತದೆ. ಹೌದೋ ಅಲ್ಲವೋ, ಆಜ್ಞೆಯೋ ಕೋರಿಕೆಯೋ, ಎಲ್ಲ ಕ್ರಿಯಾಪದದ ಬಾಲದಲ್ಲಿ. ‘ನೋವಾಗುತ್ತದೆ’, ‘ನೋವಾಗುವುದಿಲ್ಲ’ ಎರಡೂ ಶುರುವಾಗುವುದು ಒಂದೇ ರೀತಿ. ನಾವೋ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಉಸಿರು ತಗ್ಗಿಸಿಬಿಡುತ್ತೇವೆ. ಮಾಸ್ಕ್ ಉಳಿದದ್ದನ್ನೂ ನುಂಗುತ್ತದೆ. ‘ನೋವಾಗು...’ ಎಂಬಷ್ಟೇ ಕೇಳಿದವರ ಕೈ ಬಿಗಿಯಾಗದೆ ಇನ್ನೇನಾದೀತು? ‘ಕೈ ಚಾಚುತ್ತೀರಾ’ ಎಂಬುದರ ಕೊನೆಯ ‘ರಾ’ ಕೇಳಿಸದಿದ್ದರೆ ಕೋರಿಕೆ ಗದರಿಕೆಯಾಗುತ್ತದೆ. ಸಿಡುಕು ಎಂಬ ದೂರು ಬಂದದ್ದರಲ್ಲಿ ಇದರ ಪಾಲೂ ಇರಬಹುದು. ವಾಕ್ಯದ ಕೊನೆಯ ಪದವನ್ನು ಮೊದಲ ಪದದಷ್ಟೇ ಬಲವಾಗಿ ನುಡಿಯಿರಿ. ವಾಕ್ಯಗಳು ಚಿಕ್ಕದಾಗಿರಲಿ. ಎರಡು ವಾಕ್ಯಗಳ ನಡುವೆ ಒಂದು ಉಸಿರು ಬಿಡಿ. ಕೇಳಿಸಲಿಲ್ಲ ಎಂದರೆ ಕೂಗಬೇಡಿ. ಕೂಗಿದಾಗ ಹುಬ್ಬು ಗಂಟಿಕ್ಕುತ್ತದೆ, ಸ್ವರ ಕರ್ಕಶವಾಗುತ್ತದೆ, ಕಾಣುವುದೂ ಕೇಳುವುದೂ ಎರಡೂ ಸಿಟ್ಟೇ. ಅದೇ ಮಾತನ್ನು ಬೇರೆ ಪದಗಳಲ್ಲಿ, ನಿಧಾನವಾಗಿ ಹೇಳಿ. ಮೊಬೈಲಿನಲ್ಲಿ ನಿಮ್ಮ ದನಿಯನ್ನು ಮಾಸ್ಕ್ ಸಹಿತ ಒಂದು ನಿಮಿಷ ಧ್ವನಿಮುದ್ರಿಸಿ, ಎರಡು ಮಾರು ದೂರ ಇಟ್ಟು ಕೇಳಿದರೆ ನಾನು ಹೇಳಿದ್ದೆಲ್ಲ ಅರ್ಥವಾಗುತ್ತದೆ.

ಮುಖ ಹೇಳುತ್ತಿದ್ದುದನ್ನು ಈಗ ಬಾಯಿ ಹೇಳಬೇಕು. ‘ಬನ್ನಿ, ಬಹಳ ಹೊತ್ತು ಕಾಯಬೇಕಾಯಿತಲ್ಲ’, ‘ತುಂಬ ಚೆನ್ನಾಗಿ ಸಹಕರಿಸಿದಿರಿ, ಖುಷಿಯಾಯಿತು’ ಎಂದು ಭಾವವನ್ನು ಶಬ್ದದಲ್ಲೇ ಇಡಿ. ಮೊದಮೊದಲು ಅತಿಯಾಯಿತೇನೋ ಎನ್ನಿಸುತ್ತದೆ. ಎದುರಿನವರಿಗೆ ಅದು ಅತಿಯಲ್ಲ, ಅಳತೆ ಸರಿಯಾಗಿಯೇ ತಲುಪುತ್ತದೆ. ಅವರು ಮಾತನಾಡುವಾಗ ‘ಹೂಂ’, ‘ಹೌದೇ’, ‘ಸರಿ’ ಎಂದು ಕೇಳುವಂತೆ ಹೇಳಿ, ತಲೆದೂಗಿ. ಆ ಹಿರಿಯರ ವಿಷಯದಲ್ಲಿ ನಾನು ಸೋತದ್ದು ಇಲ್ಲೇ. ನಾಲ್ಕನೆಯ ದಿನ ಅವರು ಒಂದು ಪದ ಸರಿಯಾಗಿ ನುಡಿದ ಕೂಡಲೇ ‘ಬಂತು!’ ಎಂದು ಗಟ್ಟಿಯಾಗಿ ಹೇಳಿ ಎರಡು ಕೈಯನ್ನೂ ತಟ್ಟಿದೆ. ಅವರು ಮರುಕ್ಷಣವೇ ಅದೇ ಪದವನ್ನು ಮತ್ತೊಮ್ಮೆ ಹೇಳಿದರು. ಕೀಟಲೆಯ ಮಾತು, ಹುಸಿಗೋಪ, ವ್ಯಂಗ್ಯ ಮಾತ್ರ ಬೇಡವೇ ಬೇಡ. ಅವುಗಳ ಮುಳ್ಳು ತೆಗೆಯುವುದು ತುಟಿಯಂಚಿನ ನಗು, ಅದು ಕಾಣದಿದ್ದರೆ ಮುಳ್ಳು ಮಾತ್ರ ಚುಚ್ಚುತ್ತದೆ.

ಮೈಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಖ ಮಾತ್ರ ತಿರುಗಿಸದೆ ಇಡೀ ಮೈಯನ್ನು ಅವರ ಕಡೆ ತಿರುಗಿಸಿ. ಸಾಧ್ಯವಾದರೆ ಕುಳಿತು ಮಾತನಾಡಿಸಿ. ಸೂಜಿ ಕೈಗೆತ್ತಿಕೊಳ್ಳುವ ಮೊದಲು ಖಾಲಿ ಅಂಗೈ ಒಮ್ಮೆ ಕಾಣಲಿ, ಕುರ್ಚಿ ತೋರಿಸುವಾಗ ಬೆರಳಿನ ಬದಲು ಅಂಗೈಯಿಂದ ತೋರಿಸಿ.

ಮಕ್ಕಳ ವಿಷಯ ಬೇರೆ. ಚಿಕ್ಕ ಮಕ್ಕಳಿಗೆ ದೊಡ್ಡವರ ಸ್ಪಂದಿಸದ ಮುಖ ಎಂದರೆ ಆಗುವುದಿಲ್ಲ. ಅಮೆರಿಕದ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ತಾಯಂದಿರಿಗೆ ಕೆಲವು ನಿಮಿಷ ಮುಖವನ್ನು ನಿಶ್ಚಲವಾಗಿಡಲು ಹೇಳಿದಾಗ, ಹಸುಗೂಸುಗಳು ಮೊದಲು ತಾಯಿಯನ್ನು ಸೆಳೆಯಲು ಯತ್ನಿಸಿ, ಆಮೇಲೆ ಮುಖ ತಿರುಗಿಸಿ ಕಂಗೆಟ್ಟವು. ನಿಮ್ಮನ್ನು ಕಂಡು ಮಗು ಅತ್ತರೆ ಅದರಲ್ಲಿ ನಿಮ್ಮ ತಪ್ಪಿಲ್ಲ, ಮುಖ ಸಿಗಲಿಲ್ಲ ಎಂದು ಅದು ಅಳುತ್ತಿದೆ. ಮೂರು ನಾಲ್ಕು ವರ್ಷ ದಾಟಿದ ಮಗುವಾದರೆ ನಾನು ಒಂದು ಆಟ ಆಡುತ್ತೇನೆ: ‘ಈ ಮಾಸ್ಕ್ ಒಳಗೆ ನಾನು ಈಗ ನಗುತ್ತಿದ್ದೇನೋ, ಕೆನ್ನೆ ಉಬ್ಬಿಸಿದ್ದೇನೋ, ನಾಲಿಗೆ ಚಾಚಿದ್ದೇನೋ, ಹೇಳು ನೋಡೋಣ.’ ಮಗು ನಿಮ್ಮ ಕೆನ್ನೆಯನ್ನು ಪತ್ತೇದಾರನಂತೆ ಪರೀಕ್ಷಿಸತೊಡಗುತ್ತದೆ. ಸರಿಯಾಗಿ ಹೇಳಿತೋ ತಪ್ಪಾಗಿ ಹೇಳಿತೋ ಮುಖ್ಯವಲ್ಲ. ಮುಖವಿಲ್ಲದ ಆಕೃತಿಗೆ ಅದರ ಕಲ್ಪನೆಯಲ್ಲಿ ಒಂದು ಮುಖ ಸಿಕ್ಕಿಬಿಡುತ್ತದೆ.

ಕಿವಿ ಮಂದವಾಗಿರುವವರು ಬಂದರೆ ಕಣ್ಣು, ಹುಬ್ಬುಗಳ ಈ ಕಸರತ್ತನ್ನು ಬದಿಗಿಟ್ಟು ಕಾಗದ, ಪೆನ್ನು ತೆಗೆಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಬದುಕಿಗೆ ತೊಡಕಾಗುವಷ್ಟು ಶ್ರವಣ ದೋಷ ಇರುವವರು ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು, ಅವರಲ್ಲಿ ಬಹಳ ಮಂದಿ ತುಟಿ ನೋಡಿಯೇ ಮಾತು ಹಿಡಿಯುವವರು. ಬಾಯಿ ಕಾಣುವ ಪಾರದರ್ಶಕ ಮಾಸ್ಕ್ ಸಿಕ್ಕರೆ ಅವರಿಗೆ ಅನುಕೂಲ. ಅಮೆರಿಕದಲ್ಲಿ ಶಸ್ತ್ರಚಿಕಿತ್ಸಕರ ಬಳಿ ಬಂದ 200 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ಬಾಯಿ ಕಾಣುವ ಮಾಸ್ಕ್ ಹಾಕಿದವರ ಮೇಲೆ ರೋಗಿಗಳಿಗೆ ಹೆಚ್ಚು ವಿಶ್ವಾಸ ಮೂಡಿತ್ತು. ಆದರೆ ಪ್ಲಾಸ್ಟಿಕ್ ದನಿಯನ್ನು ಬಟ್ಟೆಗಿಂತ ಹೆಚ್ಚು ತಡೆಯುತ್ತದೆ, ಬೇಗ ಮಂಜಾಗುತ್ತದೆ. ನಿಮ್ಮ ಕೆಲಸದ ಸುರಕ್ಷತೆಗೆ ಒಪ್ಪಿತವಾದದ್ದೇ ಎಂದು ವಿಚಾರಿಸದೆ ಕೊಳ್ಳಬೇಡಿ.

ಇದೆಲ್ಲವನ್ನೂ ಎಂಟು ಗಂಟೆ ಮಾಡುತ್ತಲೇ ಇರಬೇಕೇ ಎಂದು ನಿಮಗೆ ಗಾಬರಿಯಾಗಿರಬಹುದು. ಬೇಡ. ಸಂಬಳಕ್ಕಾಗಿ ಭಾವನೆಗಳನ್ನು ಮುಖದ ಮೇಲೆ ಹೊತ್ತು ನಿಲ್ಲುವುದೂ ದುಡಿಮೆಯೇ ಎಂದು ಸಮಾಜವಿಜ್ಞಾನಿ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಬರೆದರು, ಅದರ ದಣಿವು ನಿಜವಾದದ್ದು. ನನ್ನ ಮಾತು ಕೇಳಿದರೆ ಮೂರೇ ಗಳಿಗೆಗಳಲ್ಲಿ ಶಕ್ತಿ ಹಾಕಿ: ಅವರು ಒಳಗೆ ಬಂದಾಗ, ಸೂಜಿಗೆ ಸ್ವಲ್ಪ ಮೊದಲು, ಹತ್ತಿ ಒತ್ತಿ ಕಳುಹಿಸಿಕೊಡುವಾಗ. ಉಳಿದ ಹೊತ್ತು ಮುಖ ತನ್ನ ಪಾಡಿಗೆ ಇರಲಿ. ಇಬ್ಬರ ನಡುವೆ ಸಿಗುವ ಅರ್ಧ ನಿಮಿಷದಲ್ಲಿ ಕಣ್ಣು ಮುಚ್ಚಿ, ಹಣೆಯನ್ನು ಸಡಿಲ ಬಿಡಿ.

ಕೊನೆಯದಾಗಿ, ನಗುವ ಬಾಯಿ ಅಚ್ಚಾದ ಮಾಸ್ಕ್. ಅದು ಬೇಡ ಎನ್ನುತ್ತೇನೆ. ಅಚ್ಚಾದ ನಗು ನಿಲ್ಲುವುದಿಲ್ಲ. ಮಗು ನೋವಿನಿಂದ ಚೀರುವಾಗಲೂ, ಹೆಂಗಸೊಬ್ಬರು ತಮ್ಮ ಕಾಯಿಲೆಯ ಭಯ ಹೇಳಿಕೊಂಡು ಕಣ್ಣೊರೆಸಿಕೊಳ್ಳುವಾಗಲೂ ಅದು ನಗುತ್ತಲೇ ಇರುತ್ತದೆ. ಅದರ ಬದಲು ಇದನ್ನು ಮಾಡಿ. 2014ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಎಬೋಲಾ ಹಬ್ಬಿದಾಗ ದಾದಿಯರು, ವೈದ್ಯರು ಅಡಿಯಿಂದ ಮುಡಿಯವರೆಗೆ ರಕ್ಷಾಕವಚದೊಳಗೆ ಮುಚ್ಚಿಹೋಗಿದ್ದರು. ಅಮೆರಿಕದ ಕಲಾವಿದೆ ಮೇರಿ ಬೆತ್ ಹೆಫರ್ನನ್ ಲೈಬೀರಿಯಾಕ್ಕೆ ಹೋಗಿ, ಅಲ್ಲಿನ ಸಿಬ್ಬಂದಿಯ ನಗುಮುಖದ ಚಿತ್ರ ತೆಗೆದು, ಕವಚದ ಎದೆಯ ಮೇಲೆ ಅಂಟಿಸುವ ಚೀಟಿಗಳಾಗಿ ಮುದ್ರಿಸಿ ಕೊಟ್ಟರು. 2020ರಲ್ಲಿ ಅದೇ ಉಪಾಯ ಬೇರೆ ಆಸ್ಪತ್ರೆಗಳಲ್ಲೂ ಮರಳಿ ಬಂತು. ನಿಮ್ಮ ಗುರುತಿನ ಚೀಟಿಯಲ್ಲಿ ಈಗಾಗಲೇ ಒಂದು ಚಿತ್ರ ಇರಬಹುದು, ಅಂಚೆಚೀಟಿಯಷ್ಟು ಚಿಕ್ಕದು, ಬಿಗಿದ ತುಟಿಯದು. ಮಾಸ್ಕ್ ಇಲ್ಲದ, ನೀವು ನಿಜವಾಗಿಯೂ ನಗುತ್ತಿರುವ ಚಿತ್ರವೊಂದನ್ನು ಅಂಗೈ ಅಗಲಕ್ಕೆ ಮುದ್ರಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು, ಎದೆಯ ಎಡಭಾಗಕ್ಕೆ ಸಿಕ್ಕಿಸಿಕೊಳ್ಳಿ. ಕುಳಿತವರ ಕಣ್ಣಿನ ಮಟ್ಟಕ್ಕೆ ಅದು ಬರಬೇಕು. ಚಿತ್ರ ತೆಗೆಯುವವರು ನಿಮ್ಮನ್ನು ನಗಿಸಬಲ್ಲವರಾಗಿದ್ದರೆ ಒಳ್ಳೆಯದು, ‘ಕಣ್ಣಿನಲ್ಲೇ ನಗಬೇಕು’ ಎಂದ ಆ ಸಹೋದ್ಯೋಗಿಯನ್ನೇ ಕೇಳಿ ನೋಡಿ.